ಮೂಲೆ ಕೂಡದ ಹಳೇ ಮನೆ, ಅರವತ್ತು ದಾಟಿದ ಕೈ: ರಿಪೇರಿ ಮಾಡುವ ಬಗೆ

ಮಲೆನಾಡು, ಕರಾವಳಿಯ ಹಳೇ ಹೆಂಚಿನ ಮನೆಗಳಲ್ಲಿ ನಾಲ್ಕು ಮೂಲೆಯೂ ಸರಿಯಾಗಿ ಕೂಡಿದ, ಅಂದರೆ ಲಂಬಕೋನದಲ್ಲಿರುವ, ಕೋಣೆ ಸಿಗುವುದು ಅಪರೂಪ. ಮಣ್ಣಿನ ಗೋಡೆಯನ್ನು ವರಸೆ ವರಸೆಯಾಗಿ ಕೈಯಲ್ಲೇ ಏರಿಸಿದ್ದು, ಬುಡ ದಪ್ಪ, ತುದಿ ತೆಳು. ಮುರಕಲ್ಲಿನ ಗೋಡೆಯಾದರೆ ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಅದರ ಮೇಲೆ ಎಷ್ಟೋ ಮಳೆಗಾಲ ಕಳೆದು ಒಂದು ಕಡೆ ಬುಡ ಕೂತಿರುತ್ತದೆ, ಇನ್ನೊಂದು ಕಡೆ ತೊಲೆ ಬಗ್ಗಿರುತ್ತದೆ. ಇಂಥ ಮನೆಗಳಲ್ಲಿ ಈಗ ಇರುವವರು ಬಹುಪಾಲು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ದೊಡ್ಡ ಕೆಲಸಕ್ಕಾದರೆ ಬಡಗಿ, ಗಾರೆಯವರು ಹೇಗೋ ಬರುತ್ತಾರೆ. ಒಂದು ಬಾಗಿಲು ಕೆರೆಯುತ್ತದೆ, ಒಂದು ಹಲಗೆ ಕೂರಿಸಬೇಕು ಎಂದರೆ ಯಾರೂ ಬರುವುದಿಲ್ಲ. ಆ ಸಣ್ಣ ಕೆಲಸಗಳನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಯಾವುದಕ್ಕೆ ಕೈ ಹಾಕಬಾರದು ಎಂಬುದು ಇಲ್ಲಿದೆ.

ಎರಡು ಮಾತು ಮೊದಲೇ ಹೇಳಬೇಕು. ಮನೆಯನ್ನು ನೆಟ್ಟಗೆ ಮಾಡಲು ಹೋಗಬೇಡಿ. ಹೊಸದಾಗಿ ಹಾಕುವ ಹಲಗೆ, ಟೈಲು, ಚೌಕಟ್ಟು ಮನೆಯ ಸೊಟ್ಟಕ್ಕೆ ಹೊಂದಿಕೊಳ್ಳಬೇಕೇ ಹೊರತು ಮನೆ ಅದಕ್ಕೆ ಹೊಂದುವುದಿಲ್ಲ. ಇನ್ನೊಂದು, ಎರಡೂ ಪಾದ ನೆಲದ ಮೇಲೆ ಇಟ್ಟುಕೊಂಡು ಮಾಡುವ ಕೆಲಸ ಮಾತ್ರ ನಮ್ಮದು. ಏಣಿ, ಮಾಡು (ಹೆಂಚಿನ ಛಾವಣಿ), ಅಟ್ಟದ ಅಂಚು ಇವೆಲ್ಲ ಬೇರೆಯವರ ಪಾಲು. ಇದರಲ್ಲಿ ರಿಯಾಯಿತಿ ಬೇಡ.

ಅಳತೆ

ಯಾವ ಕೆಲಸಕ್ಕೂ ಮೊದಲು ಕೋಣೆ ಎಲ್ಲಿ, ಎಷ್ಟು ಓರೆ ಇದೆ ಎಂದು ತಿಳಿದಿರಬೇಕು. ಬೇಕಾದದ್ದು ದೊಡ್ಡ ಅಂಕಿಯ 5 ಮೀಟರ್ ಟೇಪು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು, ದಾರ, ದಪ್ಪ ಪೆನ್ಸಿಲು, ಮತ್ತೆ 10 ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಇಂಚೋ ಸೆಂಟಿಮೀಟರೋ, ಒಂದನ್ನೇ ಹಿಡಿಯಿರಿ. ಎರಡನ್ನೂ ಬೆರೆಸಿದಾಗ ಆಗುವ ತಪ್ಪಿನಿಂದ ಹಾಳಾಗುವ ಹಲಗೆಯೇ ಹೆಚ್ಚು.

ನೆಲವನ್ನು ನಂಬಿ ಎತ್ತರ ಅಳೆಯಬಾರದು, ಏಕೆಂದರೆ ನೆಲವೇ ಮಟ್ಟ ಇಲ್ಲ. ಪೈಪಿಗೆ ನೀರು ತುಂಬಿ, ಒಳಗೆ ಒಂದೂ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಬಣ್ಣ ಕಾಣಲಿ ಎಂದು ಚಿಟಿಕೆ ಕುಂಕುಮ ಹಾಕಿದರೆ ಮಂದಗಣ್ಣಿಗೂ ಸಲೀಸು. ಒಬ್ಬರು ಒಂದು ತುದಿಯನ್ನು ಎದೆಯೆತ್ತರದಲ್ಲಿ ಗೋಡೆಗೆ ಹಿಡಿಯಲಿ, ಇನ್ನೊಬ್ಬರು ಮೂಲೆಯಿಂದ ಮೂಲೆಗೆ ಹೋಗಿ ನೀರು ನಿಂತಲ್ಲಿ ಗೆರೆ ಹಾಕಲಿ. ಎದೆಯೆತ್ತರ ಎಂದದ್ದು ಬಗ್ಗುವುದು ತಪ್ಪಲಿ ಎಂದು. ಹೀಗೆ ಕೋಣೆಯ ಸುತ್ತ ಒಂದು ಮಟ್ಟದ ಗೆರೆ ಸಿಕ್ಕಿದ ಮೇಲೆ, ಪ್ರತಿ ಮೂಲೆಯಲ್ಲೂ ಆ ಗೆರೆಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. ಒಂದು ಮೂಲೆಯಲ್ಲಿ 120 ಸೆಂ.ಮೀ, ಎದುರು ಮೂಲೆಯಲ್ಲಿ 123.5 ಬಂದರೆ ನೆಲ ಮೂರೂವರೆ ಸೆಂಟಿಮೀಟರ್ ಇಳಿದಿದೆ ಎಂದರ್ಥ. ಒಬ್ಬರೇ ಇದ್ದರೆ ಸಣ್ಣ ಲೇಸರ್ ಲೆವೆಲ್ ಕೊಳ್ಳುವುದು ಒಳ್ಳೆಯದು. ಮುಸ್ಸಂಜೆ ಹೊತ್ತಿಗೆ ಅದರ ಗೆರೆ ಚೆನ್ನಾಗಿ ಕಾಣುತ್ತದೆ. ಅದರ ನೇರ ನಿಂತ ಗೆರೆಯ ಪಕ್ಕ ಗೋಡೆಯಂಚನ್ನು ನೋಡಿದರೆ, ಏಣಿ ಹತ್ತಿ ಗುಂಡು ಬಿಡದೆಯೇ ಗೋಡೆ ಎಷ್ಟು ವಾಲಿದೆ ಎಂದು ತಿಳಿಯುತ್ತದೆ.

ಮೂಲೆ ಕೂಡಿದೆಯೇ ಎಂದು ನೋಡಲು, ಮೂಲೆಯಿಂದ ಒಂದು ಗೋಡೆಗುಂಟ 90 ಸೆಂ.ಮೀ, ಇನ್ನೊಂದು ಗೋಡೆಗುಂಟ 120 ಸೆಂ.ಮೀ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 150 ಬಂದರೆ ಮೂಲೆ ಕೂಡಿದೆ. ಹೆಚ್ಚು ಬಂದರೆ ಮೂಲೆ ಬಾಯಿ ತೆರೆದಿದೆ, ಕಡಿಮೆ ಬಂದರೆ ಮುಚ್ಚಿಕೊಂಡಿದೆ.

ಸೊಟ್ಟ ಎಷ್ಟಿದೆ ಎನ್ನುವುದಕ್ಕಿಂತ ಈಗಲೂ ಹೆಚ್ಚುತ್ತಿದೆಯೇ ಎನ್ನುವುದು ಮುಖ್ಯ. ಹಳೆಯ ಬಿರುಕಿನೊಳಗೆ ಟಾರ್ಚ್ ಬಿಟ್ಟರೆ ಧೂಳು, ಜೇಡರ ಬಲೆ, ಯಾವಾಗಲೋ ಒಳಗಿಳಿದ ಸುಣ್ಣ ಕಾಣುತ್ತದೆ. ಹೊಸ ಬಿರುಕಿನ ಅಂಚು ಚೂಪು, ಒಳಗೆ ಮಣ್ಣಿನ ಬಣ್ಣ ತಾಜಾ. ಬಿರುಕಿನ ಎರಡೂ ಕೊನೆಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ, ನಡುವೆ ಅಗಲ ಅಳೆದು ಬರೆಯಿರಿ. ಒಂದು ಮಳೆಗಾಲ ದಾಟಿದ ಮೇಲೆ ಗೆರೆ ಮೀರಿ ಬೆಳೆದಿದ್ದರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು 5 ಮಿ.ಮೀಗಿಂತ ಅಗಲವಾಗಿದ್ದರೆ, ಅಥವಾ ಗೋಡೆಗೆ ಹೊಟ್ಟೆ ಬಂದಿದ್ದರೆ ಅದು ಗಾರೆ ಮೆತ್ತುವ ಕೆಲಸವಲ್ಲ. ಇಂಜಿನಿಯರನ್ನು ಕರೆಸಿ ತೋರಿಸಿ.

ಬಾಗಿಲು

ಬಾಗಿಲು ಕೆರೆಯುತ್ತದೆ ಎಂದು ಆಷಾಢದಲ್ಲಿ ಕೀಸುಳಿ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಮಳೆಗಾಲದಲ್ಲಿ ಮರ ನೀರುಂಡು ಉಬ್ಬಿರುತ್ತದೆ. ಆಗ ಕೀಸಿದರೆ ಶಿವರಾತ್ರಿ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ. ಮಳೆಯಲ್ಲಿ ಉಜ್ಜುವ ಜಾಗಕ್ಕೆ ಸೀಮೆಸುಣ್ಣ ಬಳಿದು ಗುರುತು ಮಾಡಿ, ಮೇಣದಬತ್ತಿ ತಿಕ್ಕಿ ದಿನ ದೂಡಿ. ಮಾಘದಲ್ಲಿ ಮರ ಒಣಗಿದ ಮೇಲೂ ಉಜ್ಜಿದರೆ ಆಗ ಕೀಸಿ. ಕೀಸಿದ ಅಂಚಿಗೆ, ಮರೆಯದೆ ಬಾಗಿಲಿನ ತಲೆಗೂ ತಳಕ್ಕೂ, ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಬೇಕು. ಮರ ನೀರು ಕುಡಿಯುವುದು ಹೆಚ್ಚಾಗಿ ಆ ಎರಡು ತುದಿಯಿಂದಲೇ.

ಅದಕ್ಕೂ ಮೊದಲು ಬಾಗಿಲು ನಿಜವಾಗಿ ಉಬ್ಬಿದೆಯೋ ಜೋತು ಬಿದ್ದಿದೆಯೋ ನೋಡಿ. ಬಾಗಿಲು ಮುಚ್ಚಿ ಸುತ್ತಲಿನ ಸಂದಿ ಗಮನಿಸಿ. ಚಿಲಕದ ಕಡೆ ತಳದಲ್ಲಿ ನೆಲಕ್ಕೆ ತಾಗುತ್ತಿದ್ದು, ಹಿಂಜ್ ಕಡೆ ಮೇಲುಗಡೆ ಸಂದಿ ಅಗಲವಾಗಿದ್ದರೆ ಮೇಲಿನ ಹಿಂಜ್ ಸಡಿಲ. ಅದಕ್ಕೆ ಕೀಸುವುದೇ ಬೇಡ. ಸಡಿಲವಾದ ತೂತಿಗೆ ಬಿದಿರಿನ ಕಡ್ಡಿ ಸೀಳಿ ಫೆವಿಕಾಲ್ ಹಚ್ಚಿ ಬಿಗಿಯಾಗಿ ಹೊಡೆದು, ಒಂದು ದಿನ ಒಣಗಲು ಬಿಟ್ಟು, ಚೌಕಟ್ಟಿನ ಮಟ್ಟಕ್ಕೆ ಕತ್ತರಿಸಿ. 3 ಮಿ.ಮೀ ಬಿಟ್‌ನಲ್ಲಿ ತೂತು ಮಾಡಿ, ಹಳೇ ಒಂದೂವರೆ ಇಂಚಿನ ಸ್ಕ್ರೂ ಬದಲು ಎರಡೂವರೆ ಇಂಚಿನದು ಹಾಕಿ. ಬೆಂಕಿಕಡ್ಡಿ ತುರುಕುವುದು ವಾರಕ್ಕಷ್ಟೇ. ಅದು ಮೆದು ಮರ.

ತುಂಬಾ ಹಳೆಯ ಬಾಗಿಲಿಗೆ ಹಿಂಜೇ ಇರುವುದಿಲ್ಲ. ಹಲಗೆಯ ಮೂಲೆಯಲ್ಲೇ ಮೇಲೊಂದು ಕೆಳಗೊಂದು ಗೂಟ ಬಿಟ್ಟು, ಕೆಳಗಿನದು ಹೊಸ್ತಿಲ ಬದಿಯ ಕುಳಿಯಲ್ಲಿ ಕೂತು ತಿರುಗುತ್ತದೆ. ಎಷ್ಟೋ ವರ್ಷ ತಿರುಗಿ ತಿರುಗಿ ಗೂಟವೂ ಸವೆದು ಕುಳಿಯೂ ಆಳವಾಗಿ ಇಡೀ ಬಾಗಿಲು ಅರ್ಧ ಇಂಚು ಇಳಿದಿರುತ್ತದೆ. ಇದನ್ನು ಎತ್ತುವುದು ಸುಲಭ, ಆದರೆ ಒಬ್ಬರ ಕೆಲಸವಲ್ಲ. ಹಲಸಿನ ಅಥವಾ ಸಾಗುವಾನಿಯ ಬಾಗಿಲು ಒಬ್ಬರಿಗೆ ತಡೆಯುವ ತೂಕದ್ದಲ್ಲ. ಬಾಗಿಲನ್ನು ಅರ್ಧ ತೆರೆದು, ಚಿಲಕದ ಕಡೆ ತಳಕ್ಕೆ ಎರಡು ಬೆಣೆ ಕೊಟ್ಟು ನಿಲ್ಲಿಸಿ. ಗೂಟದ ಕಡೆ ಕಬ್ಬಿಣದ ಹಾರೆಯನ್ನು ಮರದ ತುಂಡಿನ ಮೇಲೆ ಒರಗಿಸಿ ಒಬ್ಬರು ಮೆಲ್ಲಗೆ ಮೀಟಿ ಎತ್ತಲಿ. ಮೇಲಿನ ಗೂಟ ಮೇಲಿನ ಕುಳಿಯಿಂದ ಕಳಚದಂತೆ ಇನ್ನೊಬ್ಬರು ಹಿಡಿದಿರಲಿ. ಕೆಳಗಿನ ಕುಳಿಯ ಧೂಳನ್ನು ಕಡ್ಡಿಯಿಂದ ಕೆದಕಿ ತೆಗೆದು, ಅದರ ತಳಕ್ಕೆ ಸರಿಯಾಗಿ ಕೂರುವ ಹಿತ್ತಾಳೆಯ ಅಥವಾ ಸ್ಟೀಲಿನ ವಾಷರ್ ಒಂದೊಂದಾಗಿ ಇಡಿ. 2 ಮಿ.ಮೀ ದಪ್ಪದ್ದು ಮೂರು ಸಾಕಾಗುವುದೇ ಹೆಚ್ಚು. ಗ್ರೀಸ್ ಹಚ್ಚಿ ಇಳಿಸಿ. ಒಮ್ಮೆಲೇ ಪೂರ್ತಿ ಎತ್ತಬೇಡಿ. ಬಾಗಿಲು ಮೇಲೇರಿದಷ್ಟೂ ತಲೆ ಚೌಕಟ್ಟಿಗೆ ತಾಗುತ್ತದೆ, ಹಳೇ ಅಗುಳಿಯ ತೂತು ಹೊಂದುವುದಿಲ್ಲ. ಒಂದು ವಾಷರ್, ಮುಚ್ಚಿ ನೋಡುವುದು, ಮತ್ತೊಂದು ವಾಷರ್. ಬೆರಳನ್ನು ಮಾತ್ರ ಯಾವ ಕಾರಣಕ್ಕೂ ಕುಳಿಯೊಳಗೆ ಹಾಕಬೇಡಿ, ಎಲ್ಲವನ್ನೂ ಕಡ್ಡಿಯಿಂದಲೇ ದೂಡಿ.

ಸೊಟ್ಟ ಗೂಡಿಗೆ ಹಲಗೆ ಕೂರಿಸುವುದು

ಗೋಡೆಯ ಗೂಡಿಗೆ ಹಲಗೆ ಹಾಕಬೇಕು, ಮುಂದಿನ ಅಗಲ ಅಳೆದು ಅಂಗಡಿಯಲ್ಲಿ ಕತ್ತರಿಸಿ ತಂದರೆ ಅದು ಒಳಗೆ ಹೋಗುವುದೇ ಇಲ್ಲ. ಮುಂದೆ 92 ಇದ್ದರೆ ಹಿಂದೆ 90.5. ಎಡಗೋಡೆ ಒಳಕ್ಕೆ ಬಾಗಿದೆ, ಬಲಗೋಡೆಗೆ ನಡುವೆ ಹೊಟ್ಟೆ. ಇಂಥ ಜಾಗವನ್ನು ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ, ಆಕಾರದಲ್ಲಿ ಹಿಡಿಯಬೇಕು.

ದಪ್ಪ ರಟ್ಟನ್ನು ಗೂಡಿಗಿಂತ ಎಲ್ಲ ಕಡೆ ಸುಮಾರು 2 ಸೆಂ.ಮೀ ಚಿಕ್ಕದಾಗಿ ಕತ್ತರಿಸಿ, ಹಲಗೆ ಬರುವ ಎತ್ತರದಲ್ಲೇ ಎರಡು ಕಟ್ಟಿಗೆ ತುಂಡಿನ ಮೇಲೆ ಇಡಿ. ಎತ್ತರ ಬದಲಾದರೆ ಗೋಡೆಯ ಆಕಾರವೂ ಬದಲಾಗುತ್ತದೆ, ಹಾಗಾಗಿ ಎರಡು ಹಲಗೆಗೆ ಎರಡು ರಟ್ಟು. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೈವಾರವನ್ನು ರಟ್ಟಿಗೂ ಗೋಡೆಗೂ ನಡುವಿನ ಅತಿ ದೊಡ್ಡ ಸಂದಿಗಿಂತ ಕೂದಲೆಳೆ ಹೆಚ್ಚು ತೆರೆದು, ತಿರುಪು ಬಿಗಿ ಮಾಡಿ. ಈಗ ಅದರ ಮುಳ್ಳು ಗೋಡೆಗುಂಟ, ಪೆನ್ಸಿಲು ರಟ್ಟಿನ ಮೇಲೆ, ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಗೋಡೆಯ ಪ್ರತಿ ಉಬ್ಬುತಗ್ಗೂ ರಟ್ಟಿನ ಮೇಲೆ ಮೂಡುತ್ತದೆ. ಎಳೆಯುವಾಗ ಕೈವಾರ ಗೋಡೆಗೆ ತಿರುಗದೆ ಒಂದೇ ದಿಕ್ಕಿಗೆ ಇರಬೇಕು. ವಾಲಿತೆಂದರೆ ಗೆರೆ ಸುಳ್ಳು. ಮೂರೂ ಬದಿ ಮುಗಿದ ಮೇಲೆ ರಟ್ಟನ್ನು ಹೊರತೆಗೆದು ಮೇಜಿನ ಮೇಲೆ ಪ್ಲೈವುಡ್‌ಗೆ ಅಂಟಿಸಿ. ಅದೇ ಕೈವಾರವನ್ನು, ತೆರೆದಷ್ಟೇ ಇಟ್ಟುಕೊಂಡು, ಮುಳ್ಳನ್ನು ರಟ್ಟಿನ ಗೆರೆಯ ಮೇಲೆ ನಡೆಸಿ ಪೆನ್ಸಿಲಿನಿಂದ ಅಷ್ಟೇ ದೂರ ಹೊರಗೆ ಪ್ಲೈವುಡ್ ಮೇಲೆ ಗೆರೆ ಹಾಕಿ. ಅದೇ ನಿಮ್ಮ ಹಲಗೆಯ ಅಂಚು.

ಕತ್ತರಿಸುವಾಗ ಗೆರೆ ಉಳಿಯುವಂತೆ ಹೊರಗಿಂದ ಕತ್ತರಿಸಿ, ಮಿಕ್ಕದ್ದು ಅರದಲ್ಲಿ ಉಜ್ಜಿ. ಅಂಚನ್ನು ಕೆಳಗಡೆಗೆ ಸ್ವಲ್ಪ ಓರೆ ಮಾಡಿ, ಅಂದರೆ ಮೇಲಿನ ಮುಖ ದೊಡ್ಡದು, ಕೆಳಗಿನದು 2 ಮಿ.ಮೀ ಚಿಕ್ಕದು. ಆಗ ಕಣ್ಣಿಗೆ ಕಾಣುವ ಮೇಲಂಚು ಮಾತ್ರ ಗೋಡೆಗೆ ಹತ್ತಿರ ಬರುತ್ತದೆ, ಕೂರಿಸುವುದು ಸಲೀಸು. ಮುಂಬದಿ ಅಗಲ, ಹಿಂಬದಿ ಕಿರಿದು ಇರುವ ಗೂಡಿಗೆ ಹಲಗೆ ನೇರ ಜಾರಿ ಹೋಗುತ್ತದೆ. ಹಿಂದೆಯೇ ಅಗಲವಾಗಿದ್ದರೆ ಹಲಗೆಯನ್ನು ಎರಡು ತುಂಡು ಮಾಡದೆ ಗತಿಯಿಲ್ಲ. ಮಣ್ಣಿನ ಗೋಡೆ ಮಳೆಗೂ ಬಿಸಿಲಿಗೂ ಅಲ್ಪ ಅಲುಗುತ್ತದೆ. ಎಲ್ಲ ಕಡೆ 2 ಮಿ.ಮೀ ಬಿಡಿ, ತುಂಬಲು ಹೋಗಬೇಡಿ.

ಮಟ್ಟದ ಬಗ್ಗೆ ಒಂದು ಮಾತು. ಹಲಗೆಯ ಮೇಲೆ ಒಂದು ಅಡಿಯೊಳಗೆ ವಾಲಿದ ತೊಲೆಯಿದ್ದರೆ, ನೀರಿನ ಮಟ್ಟಕ್ಕೆ ಸರಿಯಾಗಿ ಕೂರಿಸಿದ ಹಲಗೆಯೇ ಸೊಟ್ಟ ಕಾಣುತ್ತದೆ. ಪುಸ್ತಕದ ಹಲಗೆಯಾದರೆ ತೊಲೆಗಿರುವ ಓರೆಯ ಅರ್ಧದಷ್ಟನ್ನು ಹಲಗೆಗೂ ಕೊಡಿ, ಕಣ್ಣು ಒಪ್ಪುತ್ತದೆ. ಅಡುಗೆಮನೆಯ ಕಟ್ಟೆ, ಗ್ಯಾಸ್ ಇಡುವ ಹಲಗೆ ಮಾತ್ರ ನೀರಿನ ಮಟ್ಟವೇ. ಅಲ್ಲಿ ಕಣ್ಣಿನ ಮಾತು ಕೇಳಬೇಡಿ.

ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ

ಗೋಡೆಯ ಬುಡ ಉದುರಿದಾಗ ಸಿಮೆಂಟ್ ಮೆತ್ತುವುದು ಸಾಮಾನ್ಯ, ಮನೆಗೆ ಆಗುವ ದೊಡ್ಡ ಹಾನಿಯೂ ಅದೇ. ನೆಲದ ತೇವ ಗೋಡೆಯೊಳಗೆ ಏರುತ್ತಲೇ ಇರುತ್ತದೆ. ಮಣ್ಣು, ಸುಣ್ಣ ಅದನ್ನು ಹೊರಗೆ ಬಿಡುತ್ತವೆ, ಸಿಮೆಂಟ್ ಬಿಡುವುದಿಲ್ಲ. ಒಳಗೇ ಉಳಿದ ತೇವ ಮೇಲೆ ಮೇಲೆ ಏರಿ, ಎರಡಡಿ ಎತ್ತರದಲ್ಲಿ ಬಣ್ಣ ಉಬ್ಬಿ, ಒಂದು ದಿನ ಸಿಮೆಂಟಿನ ಪದರ ತನ್ನ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ.

ಕೆಲಸಕ್ಕೆ ಕಾಲ ದೀಪಾವಳಿಯಿಂದ ಶಿವರಾತ್ರಿ. ಉದುರುವ ಮಣ್ಣನ್ನೆಲ್ಲ ಕರಣೆಯಿಂದ ಕೆರೆದು, ಗಟ್ಟಿ ಮೈ ಸಿಕ್ಕಿದ ಮೇಲೆ ನೀರು ಚಿಮುಕಿಸಿ. ಮಣ್ಣಿಗೆ ಎಷ್ಟು ಮರಳು ಬೇಕು ಎಂಬುದು ಮಣ್ಣಿನ ಮೇಲೆ. ಒಂದು ಪಾಲು ಮಣ್ಣಿಗೆ ಒಂದು, ಎರಡು, ಮೂರು ಪಾಲು ಮರಳು ಹಾಕಿ ಮೂರು ಅಂಗೈಯಗಲ ಬಿಲ್ಲೆ ಗೋಡೆಗೇ ಮೆತ್ತಿ, ನಾಲ್ಕು ದಿನ ಬಿಡಿ. ಬಿರುಕು ಬಿಟ್ಟದ್ದಕ್ಕೆ ಮರಳು ಸಾಲದು, ಬೆರಳಲ್ಲಿ ಉಜ್ಜಿದರೆ ಉದುರುವುದಕ್ಕೆ ಮರಳು ಹೆಚ್ಚು. ಸರಿಯಾದ ಪಾಕ ಗೊತ್ತಾದ ಮೇಲೆ ಒಂದೆರಡು ಇಂಚಿಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ಮೂರು ದಿನ ನೆನೆಹಾಕಿ. ಹತ್ತು ಚದರ ಅಡಿಗೆ ಒಂದು ಇಂಚು ದಪ್ಪ ಮೆತ್ತಲು ಕಲಸಿದ ಮಣ್ಣು ಸುಮಾರು 24 ಲೀಟರ್ ಬೇಕು. ಅರ್ಧ ಅರ್ಧ ಇಂಚಿನ ಎರಡು ಪದರ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಹಸಿ ಮಣ್ಣಿನ ತೂಕ ಮರೆಯಬೇಡಿ. 15 ಲೀಟರ್ ಬಕೆಟ್ ತುಂಬಿದರೆ 25 ಕಿಲೋ ದಾಟುತ್ತದೆ, ಕಾಲು ಬಕೆಟ್‌ನಂತೆ ಒಯ್ಯಿರಿ. ಗೋಡೆಯ ಬುಡದ ಕೆಲಸ ಮಣೆಯ ಮೇಲೆ ಕೂತೇ ಆಗುತ್ತದೆ, ಏಳುವಾಗ ಹಿಡಿಯಲು ಪಕ್ಕದಲ್ಲೊಂದು ಗಟ್ಟಿ ಕುರ್ಚಿ ಇರಲಿ. ಮೇಲೆ ಬಳಿಯಲು ಸುಣ್ಣ ಬೇಕಾದರೆ ನೆನೆಸಿ ತಣಿದದ್ದನ್ನೇ ತನ್ನಿ. ಸುಟ್ಟ ಸುಣ್ಣವನ್ನು ಮನೆಯಲ್ಲಿ ಅರಳಿಸುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಳಿಯುವಾಗಲೂ ಕನ್ನಡಕ, ಕೈಗವಸು ಬೇಕು.

ಸೂರಿನ ನೀರು ಗೋಡೆಯ ಬುಡಕ್ಕೆ ಚಿಮ್ಮುತ್ತಿದ್ದರೆ ಮೆತ್ತಿದ್ದೆಲ್ಲ ದಂಡ. ಸೂರಿನ ಕೆಳಗೆ ನೀರು ಬೀಳುವ ಜಾಗದಲ್ಲಿ ಅಡಿ ಅಗಲಕ್ಕೆ ಜಲ್ಲಿ ಹರಡಿಸಿ, ಅಂಗಳ ಮನೆಯಿಂದ ಆಚೆಗೆ ಇಳಿಜಾರು ಇರಲಿ.

ಹಿಡಿಕೆ, ಹೊಸ್ತಿಲು, ಮೆಟ್ಟಿಲು

ಬಚ್ಚಲಿನ ಹಿಡಿಕೆ ಈ ಮನೆಗಳಲ್ಲಿ ಅತಿ ಹೆಚ್ಚು ಕೈಕೊಡುವ ಕೆಲಸ. ಮಣ್ಣಿನ ಗೋಡೆಗೆ 8 ಮಿ.ಮೀ ಬಿಟ್ ಹಾಕಿದರೆ ತೂತು ಹೆಬ್ಬೆರಳಿನಷ್ಟಾಗುತ್ತದೆ, ಪ್ಲಾಸ್ಟಿಕ್ ಪ್ಲಗ್ ಒಳಗೇ ತಿರುಗುತ್ತದೆ. ಮೇಲೆ ಟೈಲು ಅಂಟಿಸಿದ್ದರೆ ಬಿಗಿಯಾದಂತೆ ಕಾಣುತ್ತದೆ, ಅಷ್ಟೇ. ಜಾರಿದವರು ಹಿಡಿದ ಕ್ಷಣ ಟೈಲಿನ ಸಮೇತ ಕೈಗೆ ಬರುತ್ತದೆ. ಟವೆಲ್ ರಾಡು ಯಾವತ್ತೂ ಹಿಡಿಕೆಯಲ್ಲ.

ನಮ್ಮ ಮಾತು ಕೇಳುವುದಾದರೆ, ಮಣ್ಣಿನ ಗೋಡೆಯ ಬಚ್ಚಲಿನಲ್ಲಿ ಗೋಡೆಯನ್ನು ಬಿಟ್ಟು ನೆಲಕ್ಕೆ ಹಿಡಿಕೆ ನೆಡಿ. ಅಂಗಡಿಯಲ್ಲಿ ಒಂದು ಇಂಚಿನ ಜಿಐ ಪೈಪು ಎಂದು ಕೊಡುವುದರ ಹೊರ ಅಗಲ ಸುಮಾರು 33 ಮಿ.ಮೀ, ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಒಂದೂಕಾಲು ಇಂಚಿನದು 42 ಮಿ.ಮೀ ಇರುವುದರಿಂದ ಗಂಟುನೋವಿನ ಬೆರಳಿಗೆ ದಪ್ಪ. ಮೈ ದಪ್ಪವಿರುವ ಪೈಪನ್ನೇ ಕೇಳಿ, ವೆಲ್ಡಿಂಗ್ ಅಂಗಡಿಯಲ್ಲಿ ಕವುಚಿದ ಯು ಆಕಾರಕ್ಕೆ ಮಾಡಿಸಿ. ನೆಲದಿಂದ ಮೇಲೆ 33 ಇಂಚು, ನೆಲದೊಳಗೆ 15 ಇಂಚು. ಕುಳ್ಳಗಿನವರಿಗೆ 30 ಸಾಕು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅದಕ್ಕಿಂತ ಒಂದೆರಡು ಇಂಚು ಮೇಲೆ. ಪ್ರತಿ ಕಾಲಿಗೆ 9 ಇಂಚು ಚೌಕದ ಗುಂಡಿ ತೋಡಿಸಿ, ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿಯ ಕಾಂಕ್ರೀಟ್ ತುಂಬಿಸಿ. ಎರಡು ಗುಂಡಿಗೆ ಸಿಮೆಂಟ್ 13 ಕಿಲೋ ಆಗಬಹುದು. ಏಳು ದಿನ ನೀರುಣಿಸಿ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಪೈಪು ನೆಲ ಸೇರುವ ಜಾಗದಲ್ಲೇ ತುಕ್ಕು ಶುರುವಾಗುವುದು. ನೆಡುವ ಮೊದಲು ಅಲ್ಲಿ ನಾಲ್ಕು ಇಂಚು ಎಪಾಕ್ಸಿ ಬಣ್ಣ ಎರಡು ಸಲ ಹೊಡೆಸಿ. ಕೊನೆಗೆ ಗಟ್ಟಿಮುಟ್ಟಾದ ಒಬ್ಬರು ಪೂರ್ತಿ ಭಾರ ಹಾಕಿ ಎಲ್ಲ ಕಡೆಗೂ ಎಳೆದು ನೋಡಲಿ, ಆಮೇಲೆ ಉಪಯೋಗಿಸಿ.

ಗೋಡೆಗೇ ಬೇಕೆಂದರೆ ಗೋಡೆಯನ್ನು ದಾಟಿ ಬೋಲ್ಟ್ ಹಾಕಬೇಕು: 10 ಮಿ.ಮೀ ದಪ್ಪದ, ಸ್ಕ್ರೂವಿನಂತೆ ಮರೆ ಇರುವ ಸರಳು, ಒಳಗೂ ಹೊರಗೂ 6 ಇಂಚು ಚೌಕದ, 5 ಮಿ.ಮೀ ದಪ್ಪದ ಕಬ್ಬಿಣದ ತಗಡು. ಭಾರವೆಲ್ಲ ತಗಡಿನ ಅಗಲಕ್ಕೆ ಹಂಚಿಹೋಗುತ್ತದೆ. ಬಾಗಿಲ ಪಕ್ಕದ ಹಿಡಿಕೆಗೆ ಇಷ್ಟೆಲ್ಲ ಬೇಡ, ಹಳೇ ಮನೆಯಲ್ಲಿ ನಂಬಬಹುದಾದ ಮೈ ಎಂದರೆ ಆ ಮರದ ಚೌಕಟ್ಟೇ. ಸ್ಕ್ರೂಡ್ರೈವರ್ ಹಿಡಿಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ. ಗಟ್ಟಿ ಇದ್ದರೆ ಎರಡೂವರೆ ಇಂಚಿನ ನಾಲ್ಕು ಸ್ಕ್ರೂ ಸಾಕು, ಆದರೆ ಮೊದಲು 3.5 ಮಿ.ಮೀ ತೂತು ಮಾಡಿ. ಹಳೇ ಹಲಸಿಗೆ ನೇರ ಸ್ಕ್ರೂ ಬಿಗಿದರೆ ತಲೆ ಮುರಿಯುತ್ತದೆ.

ಹೊಸ್ತಿಲನ್ನು ಕತ್ತರಿಸಲು ಮನಸ್ಸೂ ಬಾರದು, ಕತ್ತರಿಸಲೂ ಬಾರದು, ಚೌಕಟ್ಟಿನ ಎರಡು ಕಾಲನ್ನು ಹಿಡಿದಿರುವುದು ಅದೇ. ಗಾಲಿಕುರ್ಚಿಗೆ ಇಳಿಜಾರು ಬೇಕಾದರೆ ಒಂದು ಇಂಚಿಗೆ ಒಂದು ಅಡಿ ಲೆಕ್ಕ, ನಾಲ್ಕು ಇಂಚಿನ ಹೊಸ್ತಿಲಿಗೆ ಎರಡೂ ಬದಿ ನಾಲ್ಕು ನಾಲ್ಕು ಅಡಿ. ಅಷ್ಟು ಜಾಗ ಇಲ್ಲದ ಕಡೆ ಕಡಿದಾದ ಇಳಿಜಾರು ಮಾಡುವುದಕ್ಕಿಂತ ಚೌಕಟ್ಟಿಗೆ ಹಿಡಿಕೆ ಹಾಕಿ, ಹೊಸ್ತಿಲ ಮೇಲ್ಮೈಗೆ ಅರಿಶಿನ ಬಣ್ಣ ಬಳಿಯುವುದು ಮೇಲು. ಕಾವಿ ನೆಲದ ಪಕ್ಕ ಅದು ಮಂದ ಬೆಳಕಿನಲ್ಲೂ ಎದ್ದು ಕಾಣುತ್ತದೆ.

ಜಗಲಿಯ ಮೆಟ್ಟಿಲು ಒಂದು 6 ಇಂಚು, ಒಂದು 8, ಒಂದು 7 ಇರುವುದು ಸಾಮಾನ್ಯ. ಕಾಲು ಮೊದಲ ಮೆಟ್ಟಿಲಿನ ಎತ್ತರವನ್ನೇ ನೆನಪಿಟ್ಟು ಮುಂದಿನದಕ್ಕೂ ಅಷ್ಟೇ ಎತ್ತುತ್ತದೆ, ಎಡವುವುದು ಅದಕ್ಕೇ. ಅಂಗಳದಿಂದ ಜಗಲಿಗೆ ಒಟ್ಟು ಎತ್ತರ 21 ಇಂಚು ಇದ್ದರೆ ಗಾರೆಯವರಿಂದ ಏಳೇಳು ಇಂಚಿನ ಮೂರು, ಇಲ್ಲವೇ ಐದೂಕಾಲು ಇಂಚಿನ ನಾಲ್ಕು ಮೆಟ್ಟಿಲು ಮಾಡಿಸಿ. ಮಂಡಿನೋವಿಗೆ ನಾಲ್ಕೇ ಒಳ್ಳೆಯದು.

ಬಚ್ಚಲ ನೆಲಕ್ಕೆ ಟೈಲು ಹಾಕಿಸುವಾಗ, ಬಾಗಿಲಲ್ಲಿ ನಿಂತರೆ ಕಣ್ಣಿಗೆ ಬೀಳುವ ಗೋಡೆಯಿಂದ ಪೂರ್ತಿ ಟೈಲು ಶುರು ಮಾಡಿಸಿ. ಓರೆ ತುಂಡುಗಳು ಬಾಗಿಲ ಹಿಂದಿನ ಮೂಲೆಗೆ ಹೋಗಲಿ. ಐದು ಅಡಿಗೆ ಒಂದು ಇಂಚು ಇಳಿಜಾರು, ಜಾರದ ಒರಟು ಟೈಲು.

ಮಾಡು

ಹೆಂಚು ಕೆಳಗಿನಿಂದ ನೋಡಿ, ಮೇಲೆ ಹತ್ತಬೇಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಎಳೆಯರೂ ಜಾರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಕಿಟಕಿ ಮುಚ್ಚಿ, ದೀಪ ಆರಿಸಿ, ಕುರ್ಚಿಯಲ್ಲಿ ಒರಗಿ ಕೂತು ಮಾಡು ನೋಡಿ. ಬಿಸಿಲಿನ ಚುಕ್ಕೆ ಎಲ್ಲೆಲ್ಲಿ ಕಾಣುತ್ತದೋ ಅದನ್ನು ಬಾಗಿಲ ಕಡೆಯಿಂದ ಎಷ್ಟನೇ ಪಕಾಸು (ಮೇಲಿಂದ ಕೆಳಕ್ಕೆ ಇಳಿಯುವ ಮರ), ಕೆಳಗಿನಿಂದ ಎಷ್ಟನೇ ರೀಪು (ಅದರ ಮೇಲೆ ಅಡ್ಡ ಹೊಡೆದ, ಹೆಂಚು ಕೂರುವ ಪಟ್ಟಿ) ಎಂದು ಬರೆದುಕೊಳ್ಳಿ. ಮಾಡಿನ ಕೆಲಸದವರಿಗೆ ಆ ಚೀಟಿ ಕೊಟ್ಟರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ಕೆಲಸ ಆದ ಮೇಲೆ ಅವರ ಫೋನಿನಲ್ಲೇ ಮೇಲಿನ ಫೋಟೋ ತೆಗೆಸಿ ನೋಡಿ.

ಬಗ್ಗಿದ ಮಾಡಿನಲ್ಲಿ ಹೆಂಚು ಒಡೆಯದೆಯೂ ಸೋರುತ್ತದೆ. ಪಕಾಸು ಬಗ್ಗಿದಾಗ ರೀಪಿನ ಅಂತರ ಕೆಲವು ಕಡೆ ಹೆಚ್ಚಾಗಿ ಹೆಂಚಿನ ಕೊಕ್ಕೆ ಕಚ್ಚುವುದಿಲ್ಲ. ಅಂಥ ಕಡೆ ಹೊಸ ಹೆಂಚಲ್ಲ, ರೀಪನ್ನೇ ಸರಿಸಿ ಹೊಡೆಸಬೇಕು. ಬದಲಿ ಹೆಂಚು ತರುವಾಗ ಹಿಂಬದಿಯ ಅಚ್ಚು ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಲ್ಲಿ ಬೇರೆ ಬೇರೆಯವರು ಹೆಂಚು ಮಾಡಿದರು. ಅಚ್ಚು ಬೇರೆಯಾದರೆ ಒಬ್ಬರ ಹೆಂಚಿನ ತೋಡಿಗೆ ಇನ್ನೊಬ್ಬರದು ಸರಿಯಾಗಿ ಕೂರುವುದಿಲ್ಲ. ಹತ್ತಿರದಲ್ಲಿ ಹಳೇ ಮನೆ ಕೆಡವುತ್ತಿದ್ದರೆ ಅದೇ ಅಚ್ಚಿನ ಐವತ್ತು ಹೆಂಚು ತಂದು ಗೋಡೆಗೆ ನಿಲ್ಲಿಸಿ ಇಟ್ಟುಕೊಳ್ಳಿ. ಪಕಾಸಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚಿಸುವುದು ಹಳೇ ರೂಢಿ, ಹುಳಕ್ಕೆ ಒಳ್ಳೆಯದೇ. ಆದರೆ ಅದು ಚರ್ಮ ಸುಡುತ್ತದೆ, ಕೈಗವಸಿಲ್ಲದೆ ಯಾರಿಗೂ ಮುಟ್ಟಲು ಬಿಡಬೇಡಿ.

ಕರೆಂಟು

ಮರದ ಪಟ್ಟಿಯ ಮೇಲೆ ಓಡುವ ಹಳೇ ವೈರಿಗೆ ನೀವು ಕೈ ಹಾಕಬೇಡಿ. ಎಲೆಕ್ಟ್ರಿಷಿಯನ್‌ಗೆ ಎರಡು ಮಾತು ಹೇಳಿ: ಮೀಟರಿನ ಪಕ್ಕ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು) ಹಾಕಬೇಕು, ಮಲಗುವ ಕೋಣೆಯ ಸ್ವಿಚ್ಚು ಮಂಚದಿಂದ ಕೈಗೆಟುಕಬೇಕು. ಮಣ್ಣಿನ ಗೋಡೆ ಕೊರೆಯದೆ ಮೇಲಿಂದಲೇ ಪಿವಿಸಿ ಪಟ್ಟಿಯಲ್ಲಿ ವೈರು ಇಳಿಸಬಹುದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಪ್ರತಿ ತಿಂಗಳ ಮೊದಲ ದಿನ ಒತ್ತಿ. ಮನೆಯೆಲ್ಲ ಕರೆಂಟು ಹೋಗಬೇಕು, ಹೋಗದಿದ್ದರೆ ಅದು ಕೆಟ್ಟಿದೆ.

ಕೆಲಸದ ಹೊತ್ತು

ಬೆಳಗಿನ ತಿಂಡಿ, ಮಾತ್ರೆ ಆದ ಮೇಲೆ ಎರಡು ಗಂಟೆ, ಅಷ್ಟೇ. ಹಸಿದ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯವರು ಉಳಿ ಹಿಡಿಯಬಾರದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಕುಕ್ಕರಗಾಲಲ್ಲಿ ಕೂತು ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, 18 ಇಂಚು ಎತ್ತರದ ಸ್ಟೂಲೇ ಸರಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಗರಗಸದ ಕೆಲಸ ಬೇರೆಯವರಿಗೆ ಬಿಡಿ, ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ. ತಲೆಯೆತ್ತಿ ಮಾಡುವ ಕೆಲಸ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಮೇಲೆ ದೂರದ, ಕೆಳಗೆ ಹತ್ತಿರದ ಗಾಜಿರುವ ಕನ್ನಡಕ ಹಾಕಿ ಮೆಟ್ಟಿಲು ಇಳಿಯುವಾಗ ಕೆಳಗಿನ ಮೆಟ್ಟಿಲು ಮಂಜಾಗಿ, ಇರುವುದಕ್ಕಿಂತ ಬೇರೆ ಕಡೆ ಇದ್ದಂತೆ ಕಾಣುತ್ತದೆ. ಸಾಮಾನು ಹಿಡಿದು ಓಡಾಡುವಾಗ ದೂರದ ಕನ್ನಡಕ ಒಂದೇ ಇರಲಿ. ಹೊಡೆಯುವ ದೊಡ್ಡ ಡ್ರಿಲ್ ಬದಲು ಒಂದು ಕಿಲೋ ಆಸುಪಾಸಿನ 12 ವೋಲ್ಟ್ ಬ್ಯಾಟರಿ ಡ್ರಿಲ್ ಕೊಳ್ಳಿ. ಕಾಲಿಗೆ ತೊಡರುವ ವೈರೂ ತಪ್ಪುತ್ತದೆ. ಉಳಿ, ಅರದ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದರೆ ದಪ್ಪವಾಗಿ ಬೆರಳಿನ ಗಂಟಿಗೆ ನೋವು ಕಡಿಮೆ. ಫೋನು ಮೇಜಿನ ಮೇಲಲ್ಲ, ಅಂಗಿಯ ಜೇಬಿನಲ್ಲಿ.

ಅಳತೆಯ ನೋಟ್‌ಬುಕ್ಕಿನಲ್ಲಿ ಕೋಣೆಗೊಂದು ಪುಟ ಇಟ್ಟು, ಮೂಲೆಯ ಓರೆ, ಬಿರುಕಿನ ತಾರೀಖು, ಬಾಗಿಲಿಗೆ ಇಟ್ಟ ವಾಷರ್ ಎಷ್ಟು, ಮಣ್ಣಿಗೆ ಹಾಕಿದ ಮರಳು ಎಷ್ಟು ಎಂದು ಬರೆದಿಡಿ. ರಟ್ಟಿನ ಅಚ್ಚುಗಳ ಮೇಲೆ ಯಾವ ಗೂಡು, ಯಾವ ಎತ್ತರ, ಯಾವ ಬದಿ ಮೇಲೆ, ಕೈವಾರ ಎಷ್ಟು ತೆರೆದಿತ್ತು ಎಂದು ದಪ್ಪಕ್ಷರದಲ್ಲಿ ಬರೆದು ಅಟ್ಟದ ಕೆಳಗೆ, ಇಲಿ ಬಾರದ ಕಡೆ ಮೊಳೆಗೆ ನೇತುಹಾಕಿ. ಮುಂದಿನ ಸಲ ಹಲಗೆ ಬದಲಿಸುವಾಗ ಗೂಡಿನೊಳಗೆ ಬಗ್ಗಿ ಮತ್ತೆ ಅಳೆಯುವುದು ತಪ್ಪುತ್ತದೆ.